ಡೊಮೇನ್ ಹೆಸರಿನ ಯಜಮಾನ ಯಾರಾಗಬೇಕು? ವಾದಕ್ಕೆ ಕೂರುವ ಮೊದಲು ಹೀಗೆ ಮಾಡಿ

ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಯಾರ ಕೈಯಲ್ಲಿರಬೇಕು ಅಂತ ಕೇಳಿದರೆ 'ಸರ್ಕಾರ', 'ವಿಶ್ವಸಂಸ್ಥೆ' ಅಂತ ಥಟ್ಟನೆ ಉತ್ತರ ಬರುತ್ತದೆ. ನಾನು ಸರ್ವರ್ ನೋಡಿಕೊಳ್ಳುವ ಕೆಲಸದವನು. ನನ್ನನ್ನು ಕೇಳಿದರೆ, ಅಭಿಪ್ರಾಯ ಆಮೇಲೆ, ಮೊದಲು ಕಂಪ್ಯೂಟರಿನಲ್ಲಿ ಕಮಾಂಡ್ ಬರೆಯುವ ಪರದೆ, ಅಂದರೆ ಟರ್ಮಿನಲ್ ತೆರೆಯಿರಿ.

ಹೆಸರಿನ ಜಾಡು ತೋರಿಸುವ 'ಡಿಗ್' ಕಮಾಂಡ್‌ಗೆ 'ಪ್ಲಸ್ ಟ್ರೇಸ್' ಸೇರಿಸಿ (dig +trace) ನಿಮ್ಮ ಡೊಮೇನ್ ಹೆಸರು ಕೊಡಿ. ಮೊದಲ ಸಾಲುಗಳ ಶುರುವಿನಲ್ಲಿ ಬರೀ ಒಂದು ಚುಕ್ಕಿ ಇರುತ್ತದೆ. ಅದೇ ರೂಟ್, ಎಲ್ಲ ಹೆಸರುಗಳ ಬೇರು. ಅದರ ಮುಂದೆ ಎ ಯಿಂದ ಎಂ ವರೆಗೆ 13 ಸರ್ವರ್ ಹೆಸರುಗಳು. ನಡೆಸುವವರು 12 ಸಂಸ್ಥೆಗಳು; ನಾಸಾ ಕೂಡ ಅದರಲ್ಲಿದೆ! ಇವರು ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಕೊನೆಗಳ ಪಟ್ಟಿಯನ್ನು ಹಂಚುತ್ತಾರೆ ಅಷ್ಟೇ. ಪಟ್ಟಿಗೆ ಹೊಸದಾಗಿ ಏನು ಸೇರಬೇಕು ಅನ್ನುವ ನಿಯಮ ಐಕ್ಯಾನ್‌ನದು. ಅದು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಅಮೆರಿಕ ಸರ್ಕಾರದ ಗುತ್ತಿಗೆ ಮುಗಿದು 2016ರ ಅಕ್ಟೋಬರ್ 1ರಿಂದ ಅದು ಸ್ವತಂತ್ರ. ನಿಮ್ಮ ಹೆಸರು ಡಾಟ್ ಕಾಮ್‌ನದಾದರೆ, ಮುಂದಿನ ಸಾಲುಗಳು ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿಯವು.

ಈಗ ಒಂದು ಹಾಳೆ ತೆಗೆದುಕೊಳ್ಳಿ. ರೂಟ್, ಡಾಟ್ ಕಾಮ್, ನಿಮಗೆ ಹೆಸರು ಮಾರಿದವರು, ಹೀಗೆ ಪ್ರತಿ ಮೆಟ್ಟಿಲಿಗೂ ಎರಡೇ ಪ್ರಶ್ನೆ: ಇಲ್ಲಿ ನನ್ನ ಹೆಸರು ಕಿತ್ತುಹಾಕಬಲ್ಲವರು ಯಾರು? ಕಿತ್ತರೆ ಯಾರ ಬಾಗಿಲು ತಟ್ಟಬೇಕು?

ಒಮ್ಮೆ ನನ್ನ ಡೊಮೇನೇ ಹೋಗಿತ್ತು. ನವೀಕರಣದ ಮೇಲ್ ನಾನು ಬಿಟ್ಟುಬಿಟ್ಟಿದ್ದ ಹಳೆಯ ವಿಳಾಸಕ್ಕೆ ಹೋಗಿತ್ತು. ಐಕ್ಯಾನ್ ಮೇಲೇ ಏರಿಹೋಗಲು ಸಿದ್ಧನಾಗಿದ್ದೆ. ಹಾಳೆ ನೋಡಿದರೆ ವಿಷಯ ನನಗೆ ಹೆಸರು ಮಾರಿದ ರಿಜಿಸ್ಟ್ರಾರ್ ಹತ್ತಿರವೇ ಇತ್ತು. ಅವಧಿ ಮುಗಿದು ಅಳಿಸಿದ ಮೇಲೂ 30 ದಿನ ವಾಪಸ್ ಪಡೆಯುವ ಅವಕಾಶ ಇರುತ್ತದೆ. ದಂಡ ಕಟ್ಟಿ ಬಿಡಿಸಿಕೊಂಡೆ.

ಮೇಲಿನ ಮೆಟ್ಟಿಲಿನ ಜಗಳ ಬೇರೆ. ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನು ಒಂದು ಹೂಡಿಕೆ ಕಂಪನಿಗೆ ಮಾರಲು ಹೊರಟಾಗ ದೊಡ್ಡ ಗಲಾಟೆ ಎದ್ದಿತು. 2020ರ ಏಪ್ರಿಲ್ 30ರಂದು ಐಕ್ಯಾನ್ ಅದಕ್ಕೆ ಒಪ್ಪಿಗೆ ನಿರಾಕರಿಸಿತು. ನನಗೆ ಖುಷಿಯಾಯಿತು. ಆದರೆ ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಕ್ಷೇಪದ ಪತ್ರ ಬರೆದಿದ್ದರು. ಜಗತ್ತಿನ ಹೆಸರುಗಳ ವಿಷಯದಲ್ಲಿ ಒಂದೇ ರಾಜ್ಯದ ಕಾನೂನಿಗೆ ಇಷ್ಟು ತೂಕ ಯಾಕೆ, ಅಲ್ವಾ? ಹಾಗಂತ ಸರ್ಕಾರಗಳ ಕೈಗೇ ಕೊಡಿ ಅನ್ನಲು ನನಗೆ ಮನಸ್ಸಿಲ್ಲ. ಅವು ಈಗಿನಂತೆ ಸಲಹೆ ಕೊಡಲಿ, ಸಾಕು.

ನಿಮ್ಮ ಮಾತು ಸುಮ್ನೆ ಹರಟೆಯಾಗಬಾರದು ಅಂದರೆ ಐಕ್ಯಾನ್‌ಗೇ ಬರೆಯಿರಿ. ನಿಯಮದ ಕರಡು ಹೊರಬಂದಾಗ ಸಾಮಾನ್ಯವಾಗಿ 40 ದಿನ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು. ನನ್ನ ಮೊದಲನೆಯದು ಎರಡು ಪುಟದ ಬೈಗುಳ. ಈಗ ಓದಿದರೆ ನಗು ಬರುತ್ತದೆ. ಒಂದೇ ಪುಟ ಸಾಕು. ಯಾವ ಕಲಮು, ಅದರಿಂದ ನಿಮಗೆ ಏನು ತೊಂದರೆ, ಅದರ ಬದಲು ಯಾವ ವಾಕ್ಯ ಇರಬೇಕು. ಆ ವಾಕ್ಯವನ್ನು ನೀವೇ ಪೂರ್ತಿ ಬರೆದುಕೊಡಿ.