ತಿಕ್ಕದೆ ಬಿಟ್ಟ ಅಂಚು

ಬಾಗಲಕೋಟೆಯ ನವನಗರದಲ್ಲಿ ಒಸಡಿನ ಚಿಕಿತ್ಸೆ ಮಾಡುವ ನನಗೆ ನಿತ್ಯ ಕಿವಿಗೆ ಬೀಳುವ ಮಾತು ಒಂದೇ: "ಬ್ರಷ್ ತಾಗಿದರೆ ರಕ್ತ ಬರುತ್ತದೆ ಡಾಕ್ಟರೇ, ಅದಕ್ಕೇ ಆ ಕಡೆ ತಿಕ್ಕುವುದನ್ನು ಬಿಟ್ಟಿದ್ದೇನೆ." ಬಿಟ್ಟ ಜಾಗದಲ್ಲೇ ರೋಗ ಬೆಳೆಯುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಮೊದಲು ಕೈಗೆ ಕನ್ನಡಿ ಕೊಡುತ್ತೇನೆ.

ಗುಳೇದಗುಡ್ಡದ ನೇಕಾರರೊಬ್ಬರಿಗೂ ಹಾಗೆಯೇ ಮಾಡಿದೆ. ಪ್ಲಾಕ್, ಅಂದರೆ ಹಲ್ಲಿಗೆ ಅಂಟುವ ಬ್ಯಾಕ್ಟೀರಿಯಾಗಳ ಪದರವನ್ನು ತೋರಿಸುವ ಕೆಂಪು ದ್ರಾವಣ ಹಚ್ಚಿ ಬಾಯಿ ಮುಕ್ಕಳಿಸಲು ಹೇಳಿದೆ. ಹಲ್ಲಿನ ನಡುಭಾಗದ ಬಣ್ಣ ತೊಳೆದುಹೋಯಿತು. ಒಸಡಿನ ಅಂಚಿನುದ್ದಕ್ಕೂ, ಅದರಲ್ಲೂ ಕೆಳಗಿನ ಮುಂಬಲ್ಲುಗಳ ಹಿಂಬದಿಯಲ್ಲಿ, ಗಟ್ಟಿಯಾಗಿ ಕುಳಿತಿತ್ತು. "ಬೆಳಿಗ್ಗೆ ತಿಕ್ಕಿಯೇ ಬಂದಿದ್ದೇನಲ್ಲ!" ಎಂದರು. ತಿಕ್ಕಿದ್ದು ನಿಜ, ಅಂಚನ್ನು ಬಿಟ್ಟು. ಖಣದಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುವ ಮನುಷ್ಯ, ಕನ್ನಡಿಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

ಆಮೇಲೆ ಮಿಲಿಮೀಟರ್ ಗುರುತಿರುವ ಮೊಂಡು ಸಲಾಕೆಯಿಂದ ಹಲ್ಲು-ಒಸಡಿನ ನಡುವಿನ ಸಂದು ಅಳೆದೆ. ಆರೋಗ್ಯವಂತರಲ್ಲಿ 1ರಿಂದ 3 ಇರುತ್ತದೆ. ಇವರಿಗೆ ಮುಂದೆ 5, ಹಿಂದೆ 6. ಸಲಾಕೆ ತೆಗೆದ ಕೂಡಲೇ ರಕ್ತ ಒಸರಿತು.

ಆ ರಕ್ತಕ್ಕೆ ಬ್ರಷ್ ಕಾರಣವಲ್ಲ. ಅಂಟು ಪದರದೊಳಗಿನ ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಲೈಪೋಪಾಲಿಸ್ಯಾಕರೈಡ್ ಎಂಬ ವಸ್ತುವಿರುತ್ತದೆ. ಒಸಡಿನ ಜೀವಕೋಶಗಳು ಅದನ್ನು ಗುರುತಿಸಿದೊಡನೆ ಇಂಟರ್‌ಲ್ಯೂಕಿನ್‌ನಂತಹ ಸಂದೇಶಗಳನ್ನು ಹೊರಡಿಸುತ್ತವೆ. ರಕ್ತನಾಳಗಳು ಹಿಗ್ಗುತ್ತವೆ, ಬಿಳಿ ರಕ್ತಕಣಗಳು ನುಗ್ಗುತ್ತವೆ, ಒಸಡು ಕೆಂಪೇರಿ ಬಾಯುತ್ತದೆ. ಪದರ ಅಲ್ಲೇ ಉಳಿದರೆ, ಕೆಲವರಲ್ಲಿ ಈ ಹೋರಾಟ ಆಳಕ್ಕಿಳಿಯುತ್ತದೆ: ದೇಹದ್ದೇ ಕಿಣ್ವಗಳು ಹಲ್ಲನ್ನು ಹಿಡಿದಿರುವ ಕೊಲಾಜೆನ್ ನಾರನ್ನು ಕತ್ತರಿಸುತ್ತವೆ, ಎಲುಬು ತಿನ್ನುವ ಕೋಶಗಳು ಎಚ್ಚರಗೊಳ್ಳುತ್ತವೆ. ಕಳ್ಳನನ್ನು ಹಿಡಿಯಲು ಬಂದವರೇ ಮನೆಯ ಗೋಡೆ ಕೆಡವಿದಂತೆ.

ಆರಂಭದ ಹಂತ ವಾಸಿಯಾಗುತ್ತದೆ ಎಂಬುದಕ್ಕೆ 1965ರಲ್ಲಿ ಡೆನ್ಮಾರ್ಕ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಪುರಾವೆ ಕೊಟ್ಟರು. ಹಲ್ಲುಜ್ಜುವುದನ್ನು ಬಿಟ್ಟ 12 ಮಂದಿಗೂ 10ರಿಂದ 21 ದಿನಗಳಲ್ಲಿ ಒಸಡಿನ ಉರಿಯೂತ ಬಂತು. ಮತ್ತೆ ಉಜ್ಜಲು ತೊಡಗಿದಾಗ ಸುಮಾರು ವಾರದಲ್ಲಿ ಇಳಿಯಿತು. ಕರಗಿದ ಎಲುಬು ಮಾತ್ರ ಹಾಗೆ ಮರಳುವುದಿಲ್ಲ.

ಬೀಡಿ ಸೇದುವವರ ವಿಷಯದಲ್ಲಿ ನಾನು ಇನ್ನೂ ಎಚ್ಚರವಾಗಿರುತ್ತೇನೆ. ಅವರ ಒಸಡು ಒಳಗೆ ಕೆಟ್ಟಿದ್ದರೂ ರಕ್ತ ಕಡಿಮೆ ಕಾಣುತ್ತದೆ. ಇನ್ನು ಮಿಶ್ರಿಯನ್ನೇ ಔಷಧವೆಂದು ತಿಕ್ಕುವ ಅಜ್ಜಿಯರೊಡನೆ ವಾದಿಸಿ ಗೆಲ್ಲುವುದು ಕಷ್ಟ. ಆದರೂ ಬಿಡುವುದಿಲ್ಲ, ಅದು ಸುಟ್ಟ ತಂಬಾಕು.

ನೇಕಾರರಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಸಡಿನ ಕೆಳಗಿನ ಕಾರೆಯನ್ನೂ, ಅಂದರೆ ಕಲ್ಲಿನಂತೆ ಗಟ್ಟಿಯಾದ ಪ್ಲಾಕನ್ನೂ ತೆಗೆದೆ. ಬ್ರಷ್ಷನ್ನು ಒಸಡಿನ ಕಡೆ ಓರೆಯಾಗಿಟ್ಟು ಮೆಲ್ಲಗೆ ಅಲುಗಿಸುವುದನ್ನು ನನ್ನೆದುರೇ ಮಾಡಿಸಿದೆ. ರಕ್ತದ ಸಕ್ಕರೆ ಪರೀಕ್ಷಿಸಿದರೆ ಜಾಸ್ತಿ ಇತ್ತು. ಮಧುಮೇಹವಿದ್ದರೆ ಒಸಡಿನ ರೋಗ ಜೋರಾಗುತ್ತದೆ. "ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲವಾಗುತ್ತದಂತೆ" ಎಂದು ಅವರ ಮನೆಯವರು ಅನುಮಾನಿಸಿದರು. ಬಾವು ಇಳಿದು ಕಾರೆ ಹೋದಾಗ ಮೊದಲೇ ಇದ್ದ ಸಂದು ಕಾಣುತ್ತದೆ, ಅಷ್ಟೇ ಎಂದೆ.

ಮರುಪರೀಕ್ಷೆಯಲ್ಲಿ ಮುಂಬಲ್ಲುಗಳ ಬಳಿ ರಕ್ತ ನಿಂತು ಆಳ 3ಕ್ಕೆ ಇಳಿದಿತ್ತು. ಹಿಂದಿನ ಒಂದು ದವಡೆಹಲ್ಲಿನ ಬೇರುಗಳ ಕವಲಿನಲ್ಲಿ ಇನ್ನೂ 6 ಇದೆ. ಅಲ್ಲಿಗೆ ಅವರ ಬ್ರಷ್ ತಲುಪುವುದಿಲ್ಲ, ನನ್ನ ಉಪಕರಣವೂ ಕುರುಡಾಗಿ ತಡಕಾಡುತ್ತದೆ. ಸಕ್ಕರೆ ಹತೋಟಿಗೆ ಬಂದ ಮೇಲೆ ಒಸಡು ಬಿಡಿಸಿ, ಕಣ್ಣಾರೆ ನೋಡಿ ಸ್ವಚ್ಛ ಮಾಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.