ಮೊದಲು ಡ್ಯೂಟಿ ಪಟ್ಟಿ ತೆಗೆಯಿರಿ

ಬಾಲಮಂದಿರವೊಂದರಲ್ಲಿ ಮೇಲ್ವಿಚಾರಕಿಯಾಗಿ ಸೇರಿದ ಹೊಸದರಲ್ಲಿ ನಾನು ಒಂದು ಎಡವಟ್ಟು ಮಾಡಿದೆ. ಸಿಬ್ಬಂದಿ ಸೋತುಹೋಗಿದ್ದಾರೆ ಅಂತ ಕಣ್ಣಿಗೇ ಕಾಣುತ್ತಿತ್ತು. ಒತ್ತಡ ನಿಭಾಯಿಸುವುದು ಹೇಗೆ ಅಂತ ಒಂದು ದಿನದ ತರಬೇತಿ ಇಟ್ಟೆ. ರಾತ್ರಿ ಡ್ಯೂಟಿ ಮುಗಿಸಿದವರೂ ಮನೆಗೆ ಹೋಗದೆ ಬಂದು ಕೂತರು. ಹಿಂದಿನ ಸಾಲಿನಲ್ಲಿ ಒಬ್ಬ ಗೃಹಮಾತೆ ಗೋಡೆಗೆ ತಲೆ ಆನಿಸಿ ನಿದ್ದೆ ಹೋದರು. ಪರದೆ ಮೇಲೆ ಆಗ ಬಂದಿದ್ದು ‘ವಿಶ್ರಾಂತಿಯ ಮಹತ್ವ’!

ಅದಕ್ಕೇ ಹೇಳುವುದು, ತರಬೇತಿ ಆಮೇಲೆ. ಮೊದಲು ಕಳೆದ 4 ವಾರದ ಡ್ಯೂಟಿ ಪಟ್ಟಿ ತೆಗೆಯಿರಿ. ಗೋಡೆಗೆ ಅಂಟಿಸಿದ್ದಲ್ಲ, ನಿಜವಾಗಿ ನಡೆದದ್ದು. ಕೆಂಪು ಪೆನ್ನು ಹಿಡಿದು ಗುರುತು ಹಾಕಿ. ರಾತ್ರಿ ಮಾಡಿ ಮಾರನೇ ಹಗಲೂ ಉಳಿದವರು ಯಾರು? ರಜೆ ದಿನ ಫೋನ್ ಮಾಡಿ ಕರೆಸಿಕೊಂಡಿದ್ದು ಯಾರನ್ನು? ಮಕ್ಕಳೆಲ್ಲರ ಜೊತೆ ಒಬ್ಬರೇ ಇದ್ದ ಹೊತ್ತು ಎಷ್ಟು? ನಾನು ಗುರುತು ಹಾಕಿದಾಗ ಎರಡೇ ಹೆಸರು ಮತ್ತೆ ಮತ್ತೆ ಕೆಂಪಾದವು. ಇಬ್ಬರೂ ‘ಆಗಲ್ಲ’ ಅನ್ನೋಕೆ ಬಾರದವರು.

ಹೀಗೆ ಕೆಲಸದಲ್ಲೇ ಸೋತು ಬತ್ತಿಹೋಗುವುದಕ್ಕೆ ಬರ್ನೌಟ್ ಅಂತಾರೆ. 2019ರಲ್ಲಿ ಒಪ್ಪಿಗೆಯಾದ ಐಸಿಡಿ-11, ಅಂದರೆ ಕಾಯಿಲೆಗಳ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಅಂತ ಕರೆದಿಲ್ಲ. ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವಂಥದ್ದು ಅಂತ ಹೇಳಿದೆ. ಅಂದರೆ ಸರಿಮಾಡಬೇಕಾದ್ದು ಬರೀ ಆ ಮನುಷ್ಯರನ್ನಲ್ಲ, ಕೆಲಸವನ್ನು. ಅದರ ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು, ‘ನನ್ನಿಂದ ಏನೂ ಆಗ್ತಿಲ್ಲ’ ಅನ್ನಿಸುವುದು. ಎರಡನೆಯದನ್ನು ನಾನು ಮಾತಿನಲ್ಲೇ ಹಿಡಿಯುತ್ತೇನೆ. ಪ್ರತಿ ಮಗುವನ್ನೂ ಹೆಸರು ಹಿಡಿದು ಕೂಗುತ್ತಿದ್ದವರು ಒಂದು ದಿನ ‘ಆ ಕೊನೇ ರೂಮಿನವನು’ ಅನ್ನೋಕೆ ಶುರುಮಾಡುತ್ತಾರೆ. ಗದರಬೇಡಿ. ಪಟ್ಟಿಯಲ್ಲಿ ಅವರ ಹೆಸರು ಹುಡುಕಿ.

ಶಿಫ್ಟ್ ಬದಲಾಗುವಾಗ ಹೊರಡುವವರೂ ಬರುವವರೂ ಒಟ್ಟಿಗೆ ಇರುವ 20 ನಿಮಿಷ ಇಡಿ, ಅದಕ್ಕೂ ಸಂಬಳ ಕೊಡಿ. ಯಾರು ಅತ್ತರು, ಯಾರು ಊಟ ಬಿಟ್ಟರು, ಯಾರನ್ನು ನೋಡೋಕೆ ಯಾರು ಬರಲಿಲ್ಲ, ಇಷ್ಟು ಹೇಳಿಕೊಂಡರೆ ಹೊರಟವರ ತಲೆಯೂ ಹಗುರ.

ಇನ್ನು ನನಗೆ ಬಹಳ ಮುಖ್ಯ ಅನ್ನಿಸಿದ್ದು. 15 ದಿನಕ್ಕೊಮ್ಮೆ, ಪ್ರತಿಯೊಬ್ಬರಿಗೂ, ಬಾಗಿಲು ಹಾಕಿ ಇಬ್ಬರೇ ಕೂತು ಮಾತಾಡುವ ಒಂದು ಗಂಟೆ. ಅಡುಗೆಯವರು, ಕಾವಲಿನವರಿಗೂ ಸೇರಿಸಿ. ಮಕ್ಕಳು ಗುಟ್ಟು ಹೇಳುವುದು ಜಾಸ್ತಿ ಅವರ ಹತ್ತಿರವೇ ಅಲ್ವಾ! ಇದು ತಪಾಸಣೆ ಅಲ್ಲ. ಮೇಜಿನ ಮೇಲೆ ಫೈಲ್ ಇರಬಾರದು, ಫೋನ್ ಹೊರಗಿರಲಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಿ: ಮಗುವಿಗೆ ಅಪಾಯವಾಗುವ ಸಂಗತಿ ಬಂದರೆ ಅದು ಈ ಕೋಣೆಯೊಳಗೆ ಉಳಿಯುವುದಿಲ್ಲ.

ನಾನು ಕೇಳುತ್ತಿದ್ದುದು ಒಂದೇ: ‘ಈ ಸಲ ಯಾವ ಮಗು ನಿಮ್ಮ ತಲೆಯೊಳಗೆ ಕೂತು ಮನೆವರೆಗೂ ಬಂತು?’ ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದವರು ಮೂರು ಸಲ ‘ಯಾರೂ ಇಲ್ಲ ಮೇಡಂ’ ಅಂದರು. ನಾಲ್ಕನೇ ಸಲ ಸೀರೆ ಸೆರಗಿನ ಅಂಚು ಮಡಚುತ್ತಾ, ಬಿಚ್ಚುತ್ತಾ ಕೂತರು. ಆಮೇಲೆ ಹೇಳಿದರು: ‘ಜಡೆ ಹಾಕುವಾಗ ಒಬ್ಬಳು ಕೈ ತಳ್ಳಿ, ನೀವೇನು ನನ್ನಮ್ಮ ಅಲ್ಲ ಅಂದಳು. ನಿಜ ತಾನೇ ಮೇಡಂ, ನಾನು ಅವಳಮ್ಮ ಅಲ್ಲ. ಆದ್ರೂ ಯಾಕೆ ಅಷ್ಟು ನೋವಾಯ್ತು?’ ನನ್ನ ನಾಲಿಗೆ ತುದಿಯಲ್ಲಿ ಉಪದೇಶ ಇತ್ತು. ಸುಮ್ನೆ ಕೂತೆ. ಅವರೇ ಸ್ವಲ್ಪ ಹೊತ್ತಿನ ಮೇಲೆ, ‘ನಾಳೆಯಿಂದ ಕೇಳಿಕೊಂಡೇ ಜಡೆ ಮುಟ್ತೀನಿ’ ಅಂದರು. ಯಾವ ತರಬೇತಿಯೂ ಅವರಿಗೆ ಅಷ್ಟು ಕಲಿಸಿರಲಿಲ್ಲ.

ಮಗು ಹೊಡೆದರೆ, ಓಡಿಹೋದರೆ, ತನಗೇ ಗಾಯ ಮಾಡಿಕೊಂಡರೆ? ಮಗು ಸುರಕ್ಷಿತ ಅಂತ ಖಚಿತವಾದ ಮೇಲೆ, ಅಲ್ಲಿದ್ದ ಸಿಬ್ಬಂದಿಯ ಡ್ಯೂಟಿ ಬೇರೆಯವರಿಗೆ ಕೊಡಿ. ಪೆಟ್ಟಾಗಿದೆಯಾ ನೋಡಿ. ವರದಿಗೆ ಬೇಕಾದಷ್ಟು ಕೇಳಿ, ಸಾಕು. ‘ಎಲ್ಲಾ ಬಿಚ್ಚಿ ಹೇಳಿಬಿಡಿ, ಹಗುರಾಗುತ್ತೆ’ ಅಂತ ಆಗಲೇ ಒತ್ತಾಯ ಮಾಡುವವರು ಇರುತ್ತಾರೆ. ಅಂಥ ಒಂದೇ ಸಲದ ಕೂಟದಿಂದ ಆಘಾತದ ತೊಂದರೆ ತಪ್ಪುವುದಿಲ್ಲ ಅಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ವಿಮರ್ಶೆ 2002ರಲ್ಲೇ ಹೇಳಿದೆ. ಎರಡು ದಿನ ಬಿಟ್ಟು ವಿಚಾರಿಸಿ, ಮೂರು ವಾರ ಬಿಟ್ಟು ಮತ್ತೆ ವಿಚಾರಿಸಿ. ನಿದ್ದೆ ಮರಳದಿದ್ದರೆ ಹೊರಗಿನ ಕೌನ್ಸೆಲರ್ ಹತ್ತಿರ ಕಳಿಸಿ. ಅಲ್ಲಿ ಏನು ಮಾತಾಯಿತು ಅಂತ ಕೇಳಬೇಡಿ.

ಬೆಳವಣಿಗೆಗೂ ಆ ಒಂದು ಗಂಟೆಯೇ ಬುಡ. ಒಂದು ಸಲಕ್ಕೆ ಒಂದೇ ಕೌಶಲ ಹಿಡಿಯಿರಿ, ಮುಂದಿನ ಭೇಟಿಯವರೆಗೆ ಪ್ರಯತ್ನಿಸಲಿ, ಏನಾಯಿತು ಅಂತ ಮಾತಾಡಿ. ನಮ್ಮಲ್ಲಿ ರಾತ್ರಿ ಹೆದರಿ ಏಳುವ ಮಕ್ಕಳನ್ನು ಮಲಗಿಸುವುದರಲ್ಲಿ ಒಬ್ಬರು ಎತ್ತಿದ ಕೈ. ಹೊಸಬರಿಗೆ ಕಲಿಸುವ ಕೆಲಸ ಅವರಿಗೇ ಕೊಟ್ಟೆವು, ಅದಕ್ಕೆ ಬೇರೆ ಡ್ಯೂಟಿ ಕಡಿಮೆ ಮಾಡಿದೆವು. ಹೊಸಬರನ್ನು ಮೊದಲ ವಾರಗಳಲ್ಲಿ ರಾತ್ರಿ ಒಂಟಿಯಾಗಿ ಬಿಡಲೇಬೇಡಿ. ಮಗುವಿನ ಮುಂದಿನ ಯೋಜನೆ ಮಾಡುವ ಸಭೆಗೆ ಗೃಹಮಾತೆಯನ್ನು ಕರೆಯಿರಿ, ಮೊದಲ ಮಾತು ಅವರದಾಗಲಿ.

ಸಂಬಳ ಕಮ್ಮಿ ಇದ್ದರೆ ಇದ್ಯಾವುದೂ ಅದಕ್ಕೆ ಬದಲಿ ಅಲ್ಲ. ಮಕ್ಕಳ ಪರ್ಯಾಯ ಪಾಲನೆ, ಅಂದರೆ ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ನೋಡಿಕೊಳ್ಳುವುದರ ಕುರಿತ ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಯಲ್ಲಿ ಪಾಲಕ ಸಿಬ್ಬಂದಿಯ ಸಂಬಳ, ಕೆಲಸದ ಸ್ಥಿತಿಯ ಮಾತೂ ಇದೆ. ಬಜೆಟ್ ಸಭೆಗೆ ನಾನು ಆ ಪುಟ ಹಿಡಿದೇ ಹೋಗುತ್ತಿದ್ದೆ. ‘ನಾವೆಲ್ಲ ಒಂದೇ ಕುಟುಂಬ’ ಅಂತ ಹೇಳಿ ರಜೆ ತಪ್ಪಿಸುವವರನ್ನು ಕಂಡರೆ ನನಗಾಗದು.

ಬಿಟ್ಟು ಹೋಗುವವರನ್ನು ಸುಮ್ಮನೆ ಕಳಿಸಬೇಡಿ. ಮಕ್ಕಳಿಗೆ ಮೊದಲೇ ತಿಳಿಸಿ, ಬೀಳ್ಕೊಡೋಕೆ ಸಮಯ ಕೊಡಿ. ಯಾಕೆ ಹೋಗ್ತಿದ್ದೀರಿ ಅಂತ ಕೇಳಿ. ಒಬ್ಬರು ಹೇಳಿದ್ದು: ‘ಕೆಲಸ ಕಷ್ಟ ಅಂತಲ್ಲ ಮೇಡಂ. ರಜೆ ಚೀಟಿ ಹಿಡ್ಕೊಂಡು ನಿಮ್ಮ ರೂಮಿಗೆ ಬರೋಕೆ ಭಯ ಆಗ್ತಿತ್ತು.’ ಮಾರನೇ ದಿನವೇ ರಜೆ ಪುಸ್ತಕವನ್ನು ನನ್ನ ಮೇಜಿನಿಂದ ಎತ್ತಿ ಸಿಬ್ಬಂದಿ ಕೋಣೆಯಲ್ಲಿಟ್ಟೆ. ಒಂದು ವಾರದಲ್ಲಿ ಐದು ಹೆಸರು ಬಿದ್ದವು.