ಚಿತ್ರದುರ್ಗದ ಬಿಸಿಲಿಗೆ ತಾರಸಿ ಮೇಲೇ ತಡೆ: ನನ್ನ ಅನುಭವ

ಚಿತ್ರದುರ್ಗದ ಬೇಸಿಗೆಯಲ್ಲಿ ಹಗಲು ಹೇಗೋ ಕಳೆಯುತ್ತದೆ. ರಾತ್ರಿಯದೇ ಗೋಳು. ಹೊರಗೆ ತಣ್ಣನೆ ಗಾಳಿ ಬೀಸಿದರೂ ಒಳಗೆ ಮಲಗೋಕಾಗಲ್ಲ. ಸಂಜೆ ಕೋಟೆಯ ಬಂಡೆಗೆ ಒರಗಿ ಕೂತವರಿಗೆ ಕಾರಣ ಗೊತ್ತಿರುತ್ತದೆ. ಸೂರ್ಯ ಮುಳುಗಿದರೂ ಕಲ್ಲು ಕಾವು ಬಿಡುತ್ತಲೇ ಇರುತ್ತದೆ. ನಮ್ಮ ಆರ್‌ಸಿಸಿ ತಾರಸಿಯೂ ಹಾಗೇ.

ಇನ್ನೊಂದು ಫ್ಯಾನ್ ಹಾಕಿಸಿ ಅಂತ ಎಲ್ಲರೂ ಹೇಳಿದರು. ಆದರೆ ಮುಚ್ಚಿದ ಕೋಣೆಯಲ್ಲಿ 75 ವ್ಯಾಟಿನ ಫ್ಯಾನ್ ತಿರುಗಿದರೆ ಆ 75 ವ್ಯಾಟೂ ಕೊನೆಗೆ ಶಾಖವಾಗಿ ಅಲ್ಲೇ ಸೇರುತ್ತದೆ. ಶಕ್ತಿ ಮಾಯವಾಗುವುದಿಲ್ಲ, ಥರ್ಮೋಡೈನಮಿಕ್ಸ್‌ನ ಮೊದಲ ನಿಯಮವೇ ಅದು. ಬೆವರು ಆರಿ ಮೈಗೆ ಹಾಯೆನಿಸುತ್ತದೆ, ಕೋಣೆ ತಣ್ಣಗಾಗುವುದಿಲ್ಲ. ಎರಡನೇ ನಿಯಮ ಇನ್ನೂ ನಿಷ್ಠುರ: ಶಾಖ ತಾನಾಗಿ ಹರಿಯುವುದು ಬಿಸಿಯಿಂದ ತಣ್ಣನೆಯ ಕಡೆಗೆ ಮಾತ್ರ. ನಮ್ಮ ಚರ್ಮ ಸುಮಾರು 35 ಡಿಗ್ರಿ. ಸೂರು 40 ಇದ್ದರೆ ಅದು ನಮ್ಮನ್ನು ಕಾಯಿಸಲೇಬೇಕು. ಬಿಸಿ ಗಾಳಿ ಸೂರಿನ ಹತ್ತಿರವೇ ನಿಲ್ಲುತ್ತದೆ ನಿಜ. ಆದರೆ ವಿಕಿರಣಕ್ಕೆ, ಅಂದರೆ ಬಿಸಿ ವಸ್ತು ಕಿರಣವಾಗಿ ಸೂಸುವ ಶಾಖಕ್ಕೆ, ಗಾಳಿಯ ಹಂಗಿಲ್ಲ, ಅದು ನೇರವಾಗಿ ಮಂಚಕ್ಕೇ ಬರುತ್ತದೆ. ಅದಕ್ಕೇ ಸುಣ್ಣ ಬಳಿದು ಬಿಸಿಲನ್ನು ತಾರಸಿ ಮೇಲೇ ತಡೆಯೋಣ ಅಂದುಕೊಂಡೆ.

ಮಟಮಟ ಮಧ್ಯಾಹ್ನ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1000 ವ್ಯಾಟ್ ಬಿಸಿಲು ಬೀಳುತ್ತದೆ. ಹಳೇ ಕಪ್ಪಾದ ಕಾಂಕ್ರೀಟ್ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೀರುತ್ತದೆ. ಹೊಸ ಸುಣ್ಣ ಬಹುಪಾಲನ್ನು ವಾಪಸ್ ಕಳಿಸುತ್ತದೆ.

ಪುಡಿ ಸುಣ್ಣ ಬೇಡವೆಂದು ಸುಟ್ಟ ಸುಣ್ಣದ ಕಲ್ಲನ್ನೇ ತಂದೆ. ನೀರಿಗೆ ಹಾಕಿದೊಡನೆ ಕೊತಕೊತ ಕುದಿಯಿತು. ಒಂದು ಕೆಜಿ ಅರಳಿದರೆ ಸುಮಾರು 1100 ಕಿಲೋಜೌಲ್ ಶಾಖ ಹೊರಬರುತ್ತದೆ. ಮೂರು ಲೀಟರ್ ನೀರನ್ನು ಕುದಿಸಲು ಅಷ್ಟು ಸಾಕು. ಭಟ್ಟಿಯಲ್ಲಿ ಕಲ್ಲು ಸುಡುವಾಗ ಕೊಟ್ಟಿದ್ದರ ಒಂದು ಪಾಲು ಅದು. ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಸುರಿಯಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಸುಣ್ಣ ಅದನ್ನು ತಿಂದುಹಾಕುತ್ತದೆ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬಿಳಿ ಸಿಮೆಂಟ್, ಸ್ವಲ್ಪ ಫೆವಿಕಾಲ್ ಬೆರೆಸಿದೆ.

ಬಿರುಕು ಮೊದಲೇ ಮುಚ್ಚಿಸಿದ್ದೆ. ತಾರಸಿ ತೊಳೆದು, ಒದ್ದೆ ಇರುವಾಗಲೇ, ಸಂಜೆ ಹೊತ್ತು ತೆಳ್ಳಗೆ ಬಳಿದೆ. ಮರುದಿನ ಅಡ್ಡಡ್ಡ ಇನ್ನೊಂದು ಕೈ. ದಪ್ಪಗೆ ಬಳಿದರೆ ಹಪ್ಪಳದಂತೆ ಏಳುತ್ತದೆ.

ಪಕ್ಕದ ಮನೆಯವರು ಹೊಳೆಯುವ ಅಲ್ಯೂಮಿನಿಯಂ ಶೀಟ್ ಹಾಸಬಹುದಲ್ವಾ ಅಂದರು. ಅದೂ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಹೀರಿದ ಅಲ್ಪಸ್ವಲ್ಪ ಶಾಖವನ್ನು ವಿಕಿರಣವಾಗಿ ಬಿಡುವುದರಲ್ಲಿ ಮಹಾ ಜಿಪುಣ. ಸುಣ್ಣ ರಾತ್ರಿಯಿಡೀ ಆಕಾಶಕ್ಕೆ ಧಾರಾಳವಾಗಿ ಬಿಡುತ್ತದೆ. ಸುಣ್ಣದ ಈ ಗುಣದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದೆ. ಬಳಿಯುವ ಮುಂಚೆ ಮಧ್ಯಾಹ್ನ ತಾರಸಿ 57 ಡಿಗ್ರಿ ತೋರಿಸುತ್ತಿತ್ತು. ಬಳಿದ ಮೇಲೆ ಅಂಥದ್ದೇ ಬಿಸಿಲಿಗೆ 42. ರಾತ್ರಿ ಎಂಟಕ್ಕೆ ಸೂರಿನ ಒಳಮೈ 40ರಿಂದ 35ಕ್ಕೆ ಇಳಿದಿತ್ತು. ಐದೇ ಡಿಗ್ರಿ ಅಂತ ಮೂಗು ಮುರಿಯಬೇಡಿ, ನಿದ್ದೆ ಬರುವುದು ಬಿಡುವುದು ಅಲ್ಲೇ ಇದೆ. ಈಗ ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಅದಕ್ಕೂ ಒಂದು ಅರ್ಥ ಇದೆ.

ಧೂಳು ಕೂತರೆ ಬಿಳುಪು ಹೋಗುತ್ತದೆ, ಮಳೆಗೆ ಒಂದಷ್ಟು ತೊಳೆದೂ ಹೋಗುತ್ತದೆ. ಹಾಗಾಗಿ ವರ್ಷವರ್ಷ ಶಿವರಾತ್ರಿ ಹೊತ್ತಿಗೆ ಮತ್ತೆ ಬಳಿಯಬೇಕು. ಪಡುವಣ ಗೋಡೆ ಮಾತ್ರ ಸುಣ್ಣಕ್ಕೆ ಬಗ್ಗಲಿಲ್ಲ. ಸಂಜೆ ಬಿಸಿಲು ಅಲ್ಲಿಗೆ ನೇರ ಹೊಡೆಯುತ್ತದೆ, ಕಿಟಕಿ ಗಾಜೂ ಇದೆ. ಅಲ್ಲಿಗೆ ಹಾಗಲ ಬಳ್ಳಿ ಹಬ್ಬಿಸಿದ್ದೇನೆ.